ಸಣ್ಣ ಕಾರಿನಲ್ಲಿ ಟೈಲ್ಸ್, ಸಿಮೆಂಟ್ ತರುವುದು ಹೇಗೆ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಮನೆ ರಿಪೇರಿಗೆ ಇಳಿದರೆ ಸಾಮಾನಿಗೆ ಕಾಸರಗೋಡು ಪೇಟೆಗೋ ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿ ಮಂಗಳೂರಿಗೋ ಹೋಗುತ್ತಾರೆ. ಬಚ್ಚಲಿಗೆ ಬೇಕಾದ ನಾಲ್ಕು ಬಾಕ್ಸ್ ಟೈಲ್ಸಿಗೆ ಪಿಕಪ್ ಬಾಡಿಗೆ ಕೊಡಬೇಕಾಗಿಲ್ಲ, ಮನೆಯ ಕಾರೇ ಸಾಕು. ಡಿಕ್ಕಿಯಲ್ಲಿ ಜಾಗ ಇದೆಯಲ್ಲ ಎಂದು ತುಂಬಿಸಿಬಿಡಬೇಡಿ, ಮೊದಲು ತೂಕ ನೋಡಿ.

ತೂಕದ ಲೆಕ್ಕ

ಕಾರಿನ ಜೊತೆ ಬಂದ ಪುಸ್ತಕದಲ್ಲಿ ಒಟ್ಟು ತೂಕದ ಮಿತಿ ಇರುತ್ತದೆ. ಅದರಿಂದ ಖಾಲಿ ಕಾರಿನ ತೂಕ ಕಳೆಯಿರಿ. ಸಣ್ಣ ಕಾರುಗಳಲ್ಲಿ ಉಳಿಯುವುದು ಹೆಚ್ಚುಕಡಿಮೆ 400 ಕಿಲೋ, ಅದರಲ್ಲಿ ಕೂತವರ ತೂಕವೂ ಸೇರಿತು. ಸಿಮೆಂಟ್ ಚೀಲ ಒಂದಕ್ಕೆ 50 ಕಿಲೋ. 2x2 ಅಡಿಯ ನಾಲ್ಕು ಟೈಲ್ಸ್ ಇರುವ ಬಾಕ್ಸ್ 30 ಕಿಲೋ ಹತ್ತಿರ ತೂಗುತ್ತದೆ. 10x12 ಅಡಿಯ ಕೋಣೆಗೆ, ಒಡೆದು ಹೋಗುವುದನ್ನೂ ಸೇರಿಸಿದರೆ, 9 ಬಾಕ್ಸ್ ಬೇಕು. ಅಲ್ಲಿಗೆ 270 ಕಿಲೋ ಆಯಿತು. ಇಬ್ಬರು ಕೂತರೆ ಮಿತಿ ಮುಗಿಯಿತು. ಸಿಮೆಂಟಿಗೆ ಇನ್ನೊಮ್ಮೆ ಹೋಗಿ.

ಹೊರಡುವ ಮೊದಲು ಟಯರಿಗೆ ಗಾಳಿ ಹಾಕಿಸಿ. ತುಂಬು ಹೊರೆಗೆ ಎಷ್ಟು ಗಾಳಿ ಎಂಬುದು ಚಾಲಕನ ಬಾಗಿಲಿನ ಬದಿಯ ಸ್ಟಿಕರಿನಲ್ಲೇ ಇರುತ್ತದೆ.

ತುಂಬಿಸುವ ಕ್ರಮ

ಭಾರ ಎಲ್ಲವನ್ನೂ ಡಿಕ್ಕಿಗೆ ಹಾಕಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ಸಿಮೆಂಟ್ ಚೀಲವನ್ನು ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗದಲ್ಲಿ ತಾರ್ಪಾಲು ಹಾಸಿ ಇಡಿ. ಟೈಲ್ಸ್ ಬಾಕ್ಸನ್ನು ಮಲಗಿಸಬೇಡಿ. ಟೈಲ್ಸ್ ಅಂಚಿನ ಮೇಲೆ ನಿಂತಿರುವಂತೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಸಾಲಾಗಿ ನಿಲ್ಲಿಸಿ, ಸಂದಿಗೆ ಹಳೆ ಗೋಣಿ ತುರುಕಿ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಹೊಂಡಕ್ಕೆ ಬಿದ್ದಾಗ ಅಡಿಯ ಟೈಲ್ಸ್ ಬಿರುಕು ಬಿಡುತ್ತದೆ. ಅದು ಕಾಣುವುದು ಮೇಸ್ತ್ರಿ ಬಾಕ್ಸ್ ಬಿಚ್ಚಿದಾಗಲೇ. ಪೇಂಟ್ ಬಕೆಟ್ ನೆಟ್ಟಗಿರಲಿ. ಥಿನ್ನರ್ ಇದ್ದರೆ ಕಿಟಕಿ ತೆರೆದಿಡಿ, ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ.

ಸಾಮಾನಿನ ಪಕ್ಕ ಮಕ್ಕಳನ್ನು ಖಂಡಿತ ಕೂರಿಸಬೇಡಿ. ಗಕ್ಕನೆ ಬ್ರೇಕ್ ಹಾಕಿದರೆ ಬಾಕ್ಸ್ ಮುಂದಕ್ಕೆ ಹಾರುತ್ತದೆ. ಎಲ್ಲವನ್ನೂ ಅಡ್ಡಕ್ಕೆ ಹಗ್ಗ ಹಾಕಿ ಬಿಗಿಯಿರಿ.

ಉದ್ದದ ಸಾಮಾನು

20 ಅಡಿಯ ಪಿವಿಸಿ ಪೈಪು, 8x4 ಅಡಿಯ ಪ್ಲೈವುಡ್ ಸಣ್ಣ ಕಾರಿನ ಒಳಗೆ ಹಿಡಿಸುವುದಿಲ್ಲ. ಪ್ಲಂಬರ್, ಬಡಗಿಯಿಂದ ಅಳತೆ ಬರೆಸಿಕೊಂಡು ಹೋಗಿ ಪೇಟೆಯಲ್ಲೇ ತುಂಡು ಮಾಡಿಸಿ. ಪ್ಲೈವುಡ್ಡನ್ನು ಕಾರಿನ ಮೇಲೆ ಕಟ್ಟುವುದು ಬೇಡವೇ ಬೇಡ, ಹೆದ್ದಾರಿ 66ರ ವೇಗಕ್ಕೆ ಗಾಳಿ ಅಡಿಗೆ ನುಗ್ಗಿ ಹಲಗೆಯನ್ನು ಎತ್ತುತ್ತದೆ. ಹೊರೆ ಮಿತಿಮೀರಿ ಹೊರಚಾಚಿದರೆ 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ₹20,000 ದಂಡವಿದೆ. ಇಡೀ ಹಲಗೆಯೇ ಬೇಕಾದರೆ ಗೂಡ್ಸ್ ರಿಕ್ಷಾ ಹಿಡಿಯಿರಿ.

ದಾರಿಯಲ್ಲಿ

ಹೊರೆ ಇದ್ದಾಗ ಬ್ರೇಕ್ ಹಾಕಿದರೂ ಕಾರು ತಡವಾಗಿ ನಿಲ್ಲುತ್ತದೆ, ಮುಂದಿನ ವಾಹನದಿಂದ ದೂರವಿರಿ. ಇಳಿಜಾರಿನಲ್ಲಿ ಕೆಳ ಗೇರಿನಲ್ಲೇ ಇಳಿಯಿರಿ. ರಾತ್ರಿಯಾದರೆ ಹೆಡ್‌ಲೈಟ್ ತಗ್ಗಿಸುವ ಗುಂಡಿ ತಿರುಗಿಸಿ; ಹಿಂದೆ ಭಾರವಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಡಿ ದಾಟಿ ತಂದ ಸಾಮಾನಿನ ಬಿಲ್ ಕೈಗೆ ಸಿಗುವಂತಿರಲಿ.

ಮನೆ ಮುಟ್ಟಿದ ಮೇಲೆ ಸಿಮೆಂಟನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಟಯರಿನ ಹೆಚ್ಚಿನ ಗಾಳಿಯನ್ನು ಮರುದಿನ ಇಳಿಸಿ.