ಮಕ್ಕಳ ಸರ್ಜನ್‌ಗೆ ಫೆಲೋಶಿಪ್: ಹೆಸರಿಗಿಂತ ಕೈಗೆ ಸಿಗುವ ಕೆಲಸ ನೋಡಿ

ರಾತ್ರಿ ಹನ್ನೊಂದರ ಹೊತ್ತಿಗೆ ಮೈಸೂರಿನ ನಮ್ಮ ಆಸ್ಪತ್ರೆಗೆ ಮಳವಳ್ಳಿ ಕಡೆಯಿಂದ ಆಂಬುಲೆನ್ಸ್ ಬಂತು. ಒಳಗೆ ಹುಟ್ಟಿ ಹದಿನಾರು ಗಂಟೆಯಾದ ಗಂಡು ಮಗು. ತಾಯಿ ಇನ್ನೂ ಅಲ್ಲೇ ಆಸ್ಪತ್ರೆಯಲ್ಲಿ. ಮಗುವಿನ ಜೊತೆ ಬಂದಿದ್ದು ಅಜ್ಜಿ. "ಬಾಯ್ತುಂಬ ನೊರೆ ಬತ್ತದೆ ಸಾ, ಏನೂ ಒಳಕ್ಕೇ ಹೋಯ್ತಿಲ್ಲ" ಅಂದರು. ಬಾಯಿಂದ ಒಂದು ನಳಿಗೆ ಇಳಿಸಿದೆ. ಹತ್ತು ಸೆಂಟಿಮೀಟರ್ ಹೋಗಿ ನಿಂತುಬಿಟ್ಟಿತು. ಎಕ್ಸ್‌ರೇ ತೆಗೆಸಿದರೆ ನಳಿಗೆಯ ತುದಿ ಹೊಟ್ಟೆಗೆ ಇಳಿಯದೆ ಎದೆಯ ಮೇಲ್ಭಾಗದಲ್ಲೇ ಕೂತಿದೆ. ಅನ್ನನಾಳ ಅಲ್ಲಿಗೇ ಮುಗಿದಿದೆ. ಕೆಳಗಿನ ತುಂಡು ಹೋಗಿ ಉಸಿರುಕೊಳವೆಗೆ ಸೇರಿಕೊಂಡಿದೆ.

ಮೂರು ನಾಲ್ಕು ಸಾವಿರ ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ಎರಡು ತುದಿಯನ್ನು ಒಂದೇ ಆಪರೇಷನ್ನಿನಲ್ಲಿ ಸೇರಿಸಿ ಮಗುವನ್ನು ಮೊದಲು ಉಳಿಸಿದ್ದು 1941ರಲ್ಲಿ, ಅಮೆರಿಕದ ಮಿಶಿಗನ್‌ನಲ್ಲಿ, ಕ್ಯಾಮೆರಾನ್ ಹೇಟ್ ಎಂಬ ಸರ್ಜನ್. ಅದಕ್ಕೂ ಮೊದಲು ಇಂಥ ಮಕ್ಕಳು ಹೆಚ್ಚುಕಮ್ಮಿ ಎಲ್ಲರೂ ಹೋಗಿಬಿಡುತ್ತಿದ್ದರು.

ಆ ರಾತ್ರಿಯ ಮಗು 2.4 ಕೆ.ಜಿ. ಇತ್ತು. ಅಷ್ಟು ಚಿಕ್ಕ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 200 ಎಂ.ಎಲ್., ಅಂದರೆ ಒಂದು ಲೋಟ. ದೊಡ್ಡವರ ಆಪರೇಷನ್ನಿನಲ್ಲಿ ಬಟ್ಟೆ ಎರಡು ಒದ್ದೆಯಾದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಒಂದು ಒದ್ದೆಯಾದರೆ ಅನಸ್ತೇಷಿಯಾದವರು ತಲೆ ಎತ್ತಿ ನೋಡುತ್ತಾರೆ. ಹೊಲಿಯುವ ದಾರ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಈ ಕೆಲಸ ಪುಸ್ತಕ ಓದಿ ಬರುವುದಿಲ್ಲ. ಒಬ್ಬರ ಪಕ್ಕ ನಿಂತು, ಆಮೇಲೆ ಅವರನ್ನು ನಮ್ಮ ಪಕ್ಕ ನಿಲ್ಲಿಸಿಕೊಂಡು ಕಲಿಯಬೇಕು.

ವರ್ಷಕ್ಕೆ ನಾಲ್ಕೈದು ಜನ ಚಿಕ್ಕ ಡಾಕ್ಟರುಗಳು ನನಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಎಂಸಿಎಚ್ ಮುಗೀತು. ಫೆಲೋಶಿಪ್ ಮಾಡ್ಲಾ, ಕೆಲಸಕ್ಕೆ ಸೇರ್ಕೊಳ್ಲಾ?" ಎಂಸಿಎಚ್ ಅಂದರೆ ಎಂಎಸ್ ಆದ ಮೇಲೆ ಮಾಡುವ ಸರ್ಜರಿಯ ಸೂಪರ್ ಸ್ಪೆಷಾಲಿಟಿ ಡಿಗ್ರಿ; ಫೆಲೋಶಿಪ್ ಅಂದರೆ ಅದೂ ಮುಗಿದ ಮೇಲೆ ಒಂದೇ ವಿಷಯದಲ್ಲಿ ಕೈ ಪಳಗಿಸುವ ತರಬೇತಿ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಅಪ್ಪ ಅಮ್ಮಂದಿರೂ ಓದಿದರೆ ಒಳ್ಳೆಯದು. "ಇನ್ನೂ ಓದೋದಾ?" ಅಂತ ಕೇಳುವವರು ಅವರೇ ಅಲ್ವಾ.

ಮೊದಲು, ಎಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ

ಫೆಲೋಶಿಪ್ ಅನ್ನುವುದು ಏಣಿಯ ಕೊನೆಯ ಮೆಟ್ಟಿಲು. ಕೆಳಗಿನವು ಹೀಗಿವೆ. ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಎಂಎಸ್ ಜನರಲ್ ಸರ್ಜರಿ, ಮೂರು ವರ್ಷ. ಆಮೇಲೆ ನೀಟ್ ಎಸ್‌ಎಸ್ ಪರೀಕ್ಷೆ ಬರೆದು ಮಕ್ಕಳ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮನಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಡಿಆರ್‌ಎನ್‌ಬಿ, ಇನ್ನೂ ಮೂರು ವರ್ಷ. ನೀಟ್ ಎಸ್‌ಎಸ್‌ನಲ್ಲಿ 150 ಪ್ರಶ್ನೆ, ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಹೋಗುತ್ತದೆ. ಪ್ರಶ್ನೆಗಳು ಜನರಲ್ ಸರ್ಜರಿಯಿಂದ. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್‌ಗೆ ಐಎನ್‌ಐ ಎಸ್‌ಎಸ್ ಎಂಬ ಬೇರೆ ಪರೀಕ್ಷೆ ಇದೆ, ವರ್ಷಕ್ಕೆ ಎರಡು ಸಲ.

ಎಂಬಿಬಿಎಸ್ ಮುಗಿಸಿದವರು ನೇರವಾಗಿ ಸೇರುವ ಆರು ವರ್ಷದ ಡಿಆರ್‌ಎನ್‌ಬಿಯೂ ಇದೆ. ಅದಕ್ಕೆ ನೀಟ್ ಪಿಜಿ ಅಂಕ ಸಾಕು. ಮಕ್ಕಳ ಸರ್ಜರಿಯೇ ಬೇಕು ಅಂತ ಇಪ್ಪತ್ಮೂರಕ್ಕೇ ಗೊತ್ತಿರುವವರಿಗೆ ಇದು ಒಳ್ಳೆಯ ದಾರಿ. ಆದರೆ ಆ ವಯಸ್ಸಿಗೆ ಗೊತ್ತಿರುವವರು ಕಮ್ಮಿ. ನನಗಂತೂ ಗೊತ್ತಿರಲಿಲ್ಲ.

ಲೆಕ್ಕ ಹಾಕಿ. ಹದಿನೆಂಟಕ್ಕೆ ಪಿಯುಸಿ ಮುಗಿಸಿ ಎಲ್ಲೂ ಒಂದು ವರ್ಷ ಕಳೆಯದೆ ಬಂದರೂ ಎಂಸಿಎಚ್ ಮುಗಿಯುವಾಗ ಮೂವತ್ತು ಹತ್ತಿರ. ಒಂದೆರಡು ಸಲ ಪರೀಕ್ಷೆ ಕೈಕೊಟ್ಟರೆ ಮೂವತ್ಮೂರು. ಅಷ್ಟರಲ್ಲಿ ಮದುವೆ ಆಗಿರುತ್ತದೆ, ಮನೆಯಲ್ಲೊಂದು ಮಗು ಇರುತ್ತದೆ. ಅದರ ಮೇಲೆ ಒಂದು ಅಥವಾ ಎರಡು ವರ್ಷ ಫೆಲೋಶಿಪ್. ಹಾಗಾಗಿ ಸುಮ್ನೆ ಸರ್ಟಿಫಿಕೇಟಿಗೋಸ್ಕರ ಹೋಗಬೇಡಿ. ಎಂಸಿಎಚ್‌ನಲ್ಲಿ ಕೈತುಂಬ ಕೆಲಸ ಸಿಕ್ಕಿದ್ದರೆ, ಸಾಮಾನ್ಯ ಮಕ್ಕಳ ಸರ್ಜರಿಯನ್ನೇ ಮಾಡುವ ಮನಸ್ಸಿದ್ದರೆ, ಫೆಲೋಶಿಪ್ ಬೇಡವೇ ಬೇಡ.

ಯಾವ ವಿಷಯ?

ಮಕ್ಕಳ ಕಿಡ್ನಿ ಮತ್ತು ಮೂತ್ರನಾಳದ ಸರ್ಜರಿ, ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ಸರ್ಜರಿ, ನವಜಾತ ಶಿಶುಗಳ ಸರ್ಜರಿ, ಮಕ್ಕಳ ಕ್ಯಾನ್ಸರ್, ಲಿವರ್ ಮತ್ತು ಲಿವರ್ ಕಸಿ, ದೊಡ್ಡ ಕರುಳು ಮತ್ತು ಗುದದ್ವಾರದ ತೊಂದರೆಗಳು. ಮುಖ್ಯವಾದವು ಇವು. ಆರಿಸುವಾಗ ಎಲ್ಲರೂ "ನನಗೆ ಯಾವುದು ಇಷ್ಟ" ಅಂತ ಶುರು ಮಾಡುತ್ತಾರೆ. ನಾನು ಹೇಳುವುದು, ವಾಪಸ್ ಬಂದು ಕೂರುವ ಊರಿನಿಂದ ಶುರು ಮಾಡಿ.

ಮೈಸೂರಿಗೆ ಬರುವುದು ಮೈಸೂರಿನ ಮಕ್ಕಳಷ್ಟೇ ಅಲ್ಲ. ಮಂಡ್ಯ, ಚಾಮರಾಜನಗರ, ಕೊಡಗು, ಎಚ್.ಡಿ. ಕೋಟೆಯ ಹಾಡಿಗಳು, ಎಲ್ಲ ಕಡೆಯ ಮಕ್ಕಳೂ ಇಲ್ಲಿಗೇ. ಇಲ್ಲಿ ಆಗದಿದ್ದರೆ ಮುಂದೆ ಬೆಂಗಳೂರು, ಇನ್ನೂ 140 ಕಿಲೋಮೀಟರ್. ಹಾಗಿರುವಾಗ ಮೂತ್ರದ ಸರ್ಜರಿ ಕಲಿತವರಿಗೆ ಒಂದು ದಿನವೂ ಕೆಲಸ ಇಲ್ಲ ಅನ್ನುವುದಿಲ್ಲ. ಗಂಡುಮಕ್ಕಳಲ್ಲಿ ಮೂತ್ರದ ದ್ವಾರ ತುದಿಯಲ್ಲಿರದೆ ಕೆಳಗಿರುವ ತೊಂದರೆಯೊಂದೇ ಸುಮಾರು 250ರಿಂದ 300ರಲ್ಲಿ ಒಬ್ಬರಿಗೆ ಇರುತ್ತದೆ. ನೋಡುವುದಕ್ಕೆ ಸಣ್ಣ ಆಪರೇಷನ್. ಆದರೆ ಕೈ ಪಳಗದಿದ್ದರೆ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ತೂತು ಬಿದ್ದು ಮೂತ್ರ ಸೋರುತ್ತದೆ. ಬೇರೆಲ್ಲೋ ಎರಡು ಮೂರು ಸಲ ಆಪರೇಷನ್ ಆಗಿ ಚರ್ಮವೇ ಉಳಿಯದೆ ಬರುವ ಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಲಿವರ್ ಕಸಿಯ ಮಾತು ಬೇರೆ. ಅದಕ್ಕೆ ನೀವೊಬ್ಬರು ಕಲಿತರೆ ಆಗುವುದಿಲ್ಲ. ಅನಸ್ತೇಷಿಯಾ, ಐಸಿಯು, ಬ್ಲಡ್ ಬ್ಯಾಂಕ್, ಪೆಥಾಲಜಿ, ಇಡೀ ತಂಡ ಕಲಿತಿರಬೇಕು. ಅಂಥ ತಂಡ ಇರುವ ದೊಡ್ಡ ಊರಿನಲ್ಲೇ ಉಳಿಯುವ ಮನಸ್ಸಿದ್ದರೆ ಹೋಗಿ. ಆದರೆ ಹುಟ್ಟುವಾಗಲೇ ಪಿತ್ತನಾಳ ಮುಚ್ಚಿಹೋದ ಮಗುವಿಗೆ ಮಾಡುವ ಕಸಾಯ್ ಆಪರೇಷನ್ ಇದೆಯಲ್ಲ, 1959ರಲ್ಲಿ ಜಪಾನಿನ ಮೊರಿಯೊ ಕಸಾಯ್ ಬೆಳಕಿಗೆ ತಂದದ್ದು, ಅದನ್ನು ಕಲಿತಿರಬೇಕು. ಎರಡು ತಿಂಗಳೊಳಗೆ ಮಾಡಿದರೆ ಫಲ ಜಾಸ್ತಿ. ನಮ್ಮಲ್ಲಿ ಆ ಮಕ್ಕಳ ಹಳದಿಯನ್ನು "ಬಿಸಿಲಿಗೆ ಹಿಡೀರಿ, ಹೋಗುತ್ತೆ" ಅಂತ ಕಳಿಸಿ ಕಳಿಸಿ ಮೂರನೇ ತಿಂಗಳಿಗೆ ತರುತ್ತಾರೆ.

ಜಾಗ ಹುಡುಕುವುದು

ಇದೇ ಎಲ್ಲಕ್ಕಿಂತ ಮುಖ್ಯ, ಇಲ್ಲೇ ಎಲ್ಲರೂ ಎಡವುವುದು. ನಾನೂ ಎಡವಿದ್ದೇನೆ.

ನಾನು ಮೊದಲು ಸೇರಿದ್ದು ಭಾರಿ ಹೆಸರಿನ ಒಂದು ಕಡೆ. ಊರೂ ಬೇಡ, ಹೆಸರೂ ಬೇಡ. ಗಾಜಿನ ಕಟ್ಟಡ, ನೋಟಿಸ್ ಬೋರ್ಡಿನಲ್ಲಿ ಅಷ್ಟುದ್ದ ಆಪರೇಷನ್ ಪಟ್ಟಿ. ಎಂಟು ತಿಂಗಳು ಕ್ಯಾಮೆರಾ ಹಿಡಿದೆ. ಕೀಹೋಲ್ ಸರ್ಜರಿಯಲ್ಲಿ ಕ್ಯಾಮೆರಾ ಹಿಡಿಯುವುದು ಮದುವೆಮನೆಯಲ್ಲಿ ಲೈಟ್ ಹಿಡಿದ ಹಾಗೆ; ಊಟ ಮಾತ್ರ ಸಿಗುವುದಿಲ್ಲ. ಆ ಎಂಟು ತಿಂಗಳಲ್ಲಿ ನಾನಾಗಿ ಹೊಲಿಗೆ ಹಾಕಿದ ಆಪರೇಷನ್ನುಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು. ಬಿಟ್ಟು ಬಂದು ಇನ್ನೊಂದು ಕಡೆ ಸೇರಿದೆ. ಅದು ಬಣ್ಣ ಎದ್ದುಹೋದ ಹಳೇ ಕಟ್ಟಡ, ಲಿಫ್ಟ್ ಯಾವಾಗಲೂ ಕೆಟ್ಟಿರುತ್ತಿತ್ತು. ಅಲ್ಲಿನ ಗುರುಗಳು ಮೂರನೇ ವಾರಕ್ಕೇ ಸೂಜಿ ಕೈಗೆ ಕೊಟ್ಟು ಎದುರಿಗೆ ನಿಂತರು. ನಾನು ಈಗ ಏನು ಮಾಡುತ್ತೇನೋ ಅದೆಲ್ಲ ಅಲ್ಲಿ ಬಂದದ್ದು.

ಆದ್ದರಿಂದ ಅರ್ಜಿ ಹಾಕುವ ಮುಂಚೆ ಮುಖ್ಯಸ್ಥರನ್ನು ಕೇಳಬೇಡಿ. ಅವರು ಒಳ್ಳೆಯದನ್ನೇ ಹೇಳುತ್ತಾರೆ. ಹೋದ ವರ್ಷ ಅಲ್ಲಿ ಫೆಲೋ ಆಗಿದ್ದವರ ನಂಬರ್ ಹುಡುಕಿ. ಸಂಜೆ ಹೊತ್ತು, ಅವರು ಡ್ಯೂಟಿ ಮುಗಿಸಿ ಕಾಫಿ ಕುಡಿಯುವಾಗ ಫೋನ್ ಮಾಡಿ. ಎಷ್ಟು ಆಪರೇಷನ್ ನೋಡಿದಿರಿ ಅಂತಲ್ಲ, ಎಷ್ಟು ನಿಮ್ಮ ಕೈಯಲ್ಲಿ ಆಯಿತು ಅಂತ ಕೇಳಿ. ಅಲ್ಲಿ ಎಂಸಿಎಚ್ ವಿದ್ಯಾರ್ಥಿಗಳಿದ್ದಾರಾ ಅಂತಲೂ ಕೇಳಿ. ಇದ್ದರೆ ಕೆಲಸ ಹಂಚಿಹೋಗುತ್ತದೆ. ಪರೀಕ್ಷೆಗೆ ಕೂರುವವರಿಗೆ ಮೊದಲ ಹಕ್ಕು, ಅದು ನ್ಯಾಯವೇ. ರಾತ್ರಿ ನವಜಾತ ಶಿಶು ಬಂದರೆ ಯಾರನ್ನು ಕರೆಯುತ್ತಾರೆ, ಆಪರೇಷನ್ ಯಾರ ಕೈಗೆ ಕೊಡುತ್ತಾರೆ? ಸ್ಟೈಪೆಂಡ್ ತಿಂಗಳ ಕೊನೆಗೆ ಬರುತ್ತಾ? ಅವರು ಉತ್ತರ ಹೇಳುವ ಮುಂಚೆ ಒಂದು ಕ್ಷಣ ಸುಮ್ಮನಾದರೆ ಅರ್ಥ ಮಾಡಿಕೊಳ್ಳಿ.

ಆಮೇಲೆ ಒಂದು ವಾರ ರಜ ಹಾಕಿ ಹೋಗಿ ನೋಡಿ. ಥಿಯೇಟರಿನ ಮೂಲೆಯಲ್ಲಿ ನಿಂತರೆ ಸಾಕು, ಫೆಲೋನ ಕೈಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ.

ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎಫ್‌ಎನ್‌ಬಿ, ವಿಶ್ವವಿದ್ಯಾಲಯಗಳು ನಡೆಸುವ ಫೆಲೋಶಿಪ್, ಆಸ್ಪತ್ರೆ ತಾನೇ ಕೊಡುವ ಫೆಲೋಶಿಪ್, ಈ ಮೂರೂ ಒಂದೇ ಅಲ್ಲ. ಮೊದಲಿನದಕ್ಕೆ ಪ್ರವೇಶ ಪರೀಕ್ಷೆ ಇದೆ. ಕೊನೆಯದು ಡಿಗ್ರಿಯಲ್ಲ. ಕಲಿಯುವುದಕ್ಕೆ ಅದು ಎಲ್ಲಕ್ಕಿಂತ ಚೆನ್ನಾಗಿರಲೂಬಹುದು, ಆದರೆ ಹೆಸರಿನ ಮುಂದೆ ಬೋರ್ಡಿನಲ್ಲಿ ಬರೆಸುವ ಮುಂಚೆ ಮೆಡಿಕಲ್ ಕೌನ್ಸಿಲ್ ನಿಯಮ ಓದಿಕೊಳ್ಳಿ. ಹೊಸ ಜಾಗಗಳ ಸುದ್ದಿ ಬೇಕಾದರೆ ಭಾರತೀಯ ಮಕ್ಕಳ ಸರ್ಜನ್‌ಗಳ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಹೋಗಿ. ಸಂಘ 1965ರಿಂದ ಇದೆ. ಅಲ್ಲಿ ಭಾಷಣಕ್ಕಿಂತ ಊಟದ ಸಾಲಿನಲ್ಲಿ ಸಿಗುವ ಮಾಹಿತಿ ಜಾಸ್ತಿ.

ವಿದೇಶಕ್ಕೆ ಹೋಗುವುದಾದರೆ

ಆಬ್ಸರ್ವರ್‌ಶಿಪ್ ಬೇರೆ, ಫೆಲೋಶಿಪ್ ಬೇರೆ. ಮೊದಲಿನದರಲ್ಲಿ ರೋಗಿಯನ್ನು ಮುಟ್ಟುವ ಹಾಗಿಲ್ಲ, ನೋಡಬಹುದು ಅಷ್ಟೇ. ಒಂದೆರಡು ತಿಂಗಳಿಗೆ ಪರವಾಗಿಲ್ಲ, ವರ್ಷಗಟ್ಟಲೆ ಬೇಡ. ಬ್ರಿಟನ್ನಿಗೆ ಎಂಟಿಐ ಎಂಬ, ಹೊರದೇಶದ ಡಾಕ್ಟರುಗಳಿಗೆ ತರಬೇತಿ ಕೊಡುವ ಯೋಜನೆಯಲ್ಲಿ ಹೆಚ್ಚೆಂದರೆ ಎರಡು ವರ್ಷ ಇದ್ದು ಕೈಯಾರೆ ಕಲಿಯಬಹುದು. ಅದಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಐಇಎಲ್‌ಟಿಎಸ್ ಅಥವಾ ಒಇಟಿ. ಅಲ್ಲಿನ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ನಿಮ್ಮ ಮೇಲೆ ಶಿಸ್ತುಕ್ರಮ ಇಲ್ಲ ಅನ್ನುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟನ್ನು ಇಲ್ಲಿನ ಮೆಡಿಕಲ್ ಕೌನ್ಸಿಲ್‌ನಿಂದ ತರಬೇಕು. ಅಮೆರಿಕದಲ್ಲಿ ಮಕ್ಕಳ ಸರ್ಜರಿಯ ಎರಡು ವರ್ಷದ ಫೆಲೋಶಿಪ್‌ಗೆ ಅವರದೇ ಜನರಲ್ ಸರ್ಜರಿ ಮುಗಿಸಿದವರೇ ಸಾಲುಗಟ್ಟಿ ನಿಂತಿರುತ್ತಾರೆ.

ಈ ಕಾಗದಪತ್ರ ಒಂದು ವರ್ಷ ಮೊದಲೇ ಶುರು ಮಾಡಿ. ಎಲ್ಲ ಮಾರ್ಕ್ಸ್‌ಕಾರ್ಡಿನಲ್ಲೂ ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪನ ಹೆಸರು ಹಿಂದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮುಂದೆ. ಇದೊಂದಕ್ಕೇ ಮೂರು ತಿಂಗಳು ಅಲೆದವರನ್ನು ನೋಡಿದ್ದೇನೆ.

ಅರ್ಜಿ, ಲಾಗ್‌ಬುಕ್

ಬಯೋಡೇಟಾ ಎರಡು ಪುಟ ಸಾಕು. ಓದುವವರು ನೋಡುವುದು ಲಾಗ್‌ಬುಕ್. ಪ್ರತಿ ಆಪರೇಷನ್ನಿನ ಎದುರಿಗೆ ನೋಡಿದ್ದಾ, ಸಹಾಯ ಮಾಡಿದ್ದಾ, ಹಿರಿಯರು ಎದುರಿಗಿದ್ದು ನೀವು ಮಾಡಿದ್ದಾ, ಒಬ್ಬರೇ ಮಾಡಿದ್ದಾ ಅಂತ ನಿಜ ಬರೆಯಿರಿ. ಆಮೇಲೆ ಮಗು ಏನಾಯಿತು ಅನ್ನುವುದನ್ನೂ. ಇಂಟರ್‌ವ್ಯೂನಲ್ಲಿ ಒಂದು ಆಪರೇಷನ್ ಆರಿಸಿ ಹೆಜ್ಜೆ ಹೆಜ್ಜೆಯಾಗಿ ಹೇಳಿ ಅನ್ನುತ್ತಾರೆ. ಮಾಡದವರ ಕಥೆ ಎರಡನೇ ಹೆಜ್ಜೆಗೆ ನಿಂತುಹೋಗುತ್ತದೆ. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಬರೆಸುವ ಬದಲು ನಿಮ್ಮ ಜೊತೆ ರಾತ್ರಿ ಕೆಲಸ ಮಾಡಿದವರಿಂದ ಬರೆಸಿ.

ದುಡ್ಡಿನ ವಿಷಯ ಮನೆಯಲ್ಲಿ ಮೊದಲೇ ಕೂತು ಮಾತಾಡಿ. ಕನ್ಸಲ್ಟೆಂಟ್ ಸಂಬಳಕ್ಕೆ ಹೋಲಿಸಿದರೆ ಫೆಲೋ ಸ್ಟೈಪೆಂಡ್ ತೀರಾ ಕಮ್ಮಿ. ಸರ್ಕಾರಿ ಬಾಂಡ್, ಅಂದರೆ ಓದಿದ ಮೇಲೆ ಸರ್ಕಾರಿ ಸೇವೆ ಮಾಡುವ ಕರಾರು, ಬಾಕಿ ಇದ್ದರೆ ಅದನ್ನೂ ನೋಡಿಕೊಳ್ಳಿ.

ಹೋಗುವ ಮುಂಚೆ ಕೈ ಪಳಗಿಸಿ

ರಟ್ಟಿನ ಡಬ್ಬಿಗೆ ಎರಡು ತೂತು, ಒಳಗೆ ಹಳೇ ವೆಬ್‌ಕ್ಯಾಮ್, ಒಂದು ಎಲ್‌ಇಡಿ ಬಲ್ಬು. ಕೀಹೋಲ್ ಅಭ್ಯಾಸಕ್ಕೆ ಇಷ್ಟು ಸಾಕು. ಕಿಡ್ನಿಯಿಂದ ಮೂತ್ರ ಇಳಿಯುವ ಜಾಗದ ಅಡ್ಡಿ ತೆಗೆದು ಹೊಲಿಯುವುದನ್ನು ಕಲಿಯಲು ಕೋಳಿಯ ಕತ್ತಿನಲ್ಲಿ ಕಾಳು ಕೂಡಿಡುವ ಚೀಲ ಬಳಸುತ್ತಾರೆ. ಚೀಲ, ಅದಕ್ಕೆ ಸೇರಿದ ನಾಳ, ಥೇಟ್ ಹಾಗೇ ಇರುತ್ತದೆ. ನಮ್ಮ ಬೀದಿಯ ಕೋಳಿ ಅಂಗಡಿಯವರು ಮೊದಲ ದಿನ "ಡಾಕ್ಟ್ರೇ, ನಾಯಿ ತಂದಿದ್ದೀರಾ?" ಅಂತ ಕೇಳಿದರು. ಆಮೇಲೆ ಭಾನುವಾರ ಭಾನುವಾರ ಆರೇಳು ಚೀಲ ತೆಗೆದಿಡುತ್ತಿದ್ದರು, ದುಡ್ಡು ತೆಗೆದುಕೊಳ್ಳಲಿಲ್ಲ. ನೂರು ಹೊಲಿದ ಮೇಲೆ ಗಂಟು ಹಾಕುವಾಗ ಕೈ ನಡುಗುವುದು ನಿಂತಿತು.

ಅಳತೆಯೂ ಬೇರೆ ಅನ್ನುವುದು ತಲೆಯಲ್ಲಿರಲಿ. ಕೀಹೋಲ್ ಆಪರೇಷನ್ನಿನಲ್ಲಿ ದೊಡ್ಡವರ ಹೊಟ್ಟೆಗೆ ಗಾಳಿ ತುಂಬುವುದು 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ, ಎಳೆಮಗುವಿಗೆ 6ರಿಂದ 8. ದೊಡ್ಡವರಿಗೆ ಐದು, ಹತ್ತು ಮಿಲಿಮೀಟರಿನ ಉಪಕರಣ, ಇಲ್ಲಿ ಮೂರು.

ಅಲ್ಲಿದ್ದಾಗ, ಬಂದ ಮೇಲೆ

ಅಲ್ಲಿ ಸರ್ಜನ್‌ನನ್ನಷ್ಟೇ ನೋಡಬೇಡಿ. ಥಿಯೇಟರ್ ಎಷ್ಟು ಬೆಚ್ಚಗಿಡುತ್ತಾರೆ, ಮಗುವಿನ ತಲೆಗೆ ಹತ್ತಿ ಹೇಗೆ ಸುತ್ತುತ್ತಾರೆ, ನರ್ಸ್ ಯಾವ ಟ್ರೇಯಲ್ಲಿ ಏನು ಜೋಡಿಸುತ್ತಾರೆ, ಆಪರೇಷನ್ ಆದ ಮೇಲೆ ಹಾಲು ಯಾವಾಗ ಎಷ್ಟು ಶುರು ಮಾಡುತ್ತಾರೆ, ಎಲ್ಲ ಬರೆದುಕೊಳ್ಳಿ. ಊರಿಗೆ ಬಂದ ಮೇಲೆ ಇದನ್ನೆಲ್ಲ ನೀವೇ ಕಟ್ಟಬೇಕು. ಮೂರು ಮಿಲಿಮೀಟರ್ ಉಪಕರಣ ಇಲ್ಲದ ಕಡೆ ಸೇರಿದರೆ ಕಲಿತದ್ದು ಆರು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ಕೆಲಸಕ್ಕೆ ಒಪ್ಪುವ ಮುಂಚೆ ಆ ಪಟ್ಟಿಯನ್ನು ಆಡಳಿತದವರ ಕೈಗೆ ಕೊಡಿ, ಆಮೇಲೆ ಸಂಬಳದ ಮಾತು.

ಬಂದ ಮೊದಲ ತಿಂಗಳಲ್ಲೇ ಇನ್ನೊಂದು ಕೆಲಸ ಮಾಡಿ. ಸುತ್ತಲಿನ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿ ಹೆರಿಗೆ ವಾರ್ಡಿನ ನರ್ಸ್‌ಗಳ ಜೊತೆ ಅರ್ಧ ಗಂಟೆ ಕೂರಿ. ಹುಟ್ಟಿದ ಮಗುವಿನ ಬಾಯಲ್ಲಿ ನೊರೆ ನಿಲ್ಲದಿದ್ದರೆ ಹಾಲು ಕೊಡಬೇಡಿ, ಗುದದ್ವಾರ ಇದೆಯಾ ನೋಡಿ, ವಾಂತಿ ಹಸಿರಾಗಿದ್ದರೆ ಕಾಯಬೇಡಿ ಅಂತ ಹೇಳಿ, ನಿಮ್ಮ ನಂಬರ್ ಗೋಡೆಗೆ ಅಂಟಿಸಿ ಬನ್ನಿ. ಆ ರಾತ್ರಿಯ ಮಗುವಿಗೆ ಅಲ್ಲಿನ ನರ್ಸ್ ಒಂದು ತೊಟ್ಟು ಹಾಲೂ ಹಾಕಿರಲಿಲ್ಲ. ತಲೆ ಎತ್ತರಕ್ಕೆ ಇಟ್ಟು, ನೊರೆ ತೆಗೆಯುತ್ತಾ, ಆಂಬುಲೆನ್ಸ್ ಹತ್ತಿಸಿ ಫೋನ್ ಮಾಡಿದ್ದರು. ಅದಕ್ಕೇ ಎದೆ ಕೆಡದೆ ನನ್ನ ಟೇಬಲ್ಲಿಗೆ ಬಂತು. ಮಾರನೇ ದಿನ ಬೆಳಿಗ್ಗೆ ಆಪರೇಷನ್ ಮುಗಿಸಿ ಅವರಿಗೆ ಫೋನ್ ಮಾಡಿದೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿದ್ದರು. "ಸಾರ್, ತೂಕ ಎಷ್ಟಿತ್ತು? ನಮ್ಮ ತಕ್ಕಡಿ ಕೆಟ್ಟಿದೆ" ಅಂದರು.