ಕಾಲು ತೆಗೆಸಿದರೂ ಉರಿ ಹೋಗಲಿಲ್ಲ: ಕನ್ನಡಿ ಪೆಟ್ಟಿಗೆಯ ನನ್ನ ಅನುಭವ

ಕನ್ನಡಿ ತೋರಿಸಿ ನೋವು ಇಳಿಸ್ತೀನಿ ಅಂದಾಗ ನಮ್ಮ ಆರ್ಥೋ ಸರ್ಜನ್ ನಕ್ಕುಬಿಟ್ಟರು. "ಕ್ಷೌರದಂಗಡಿ ಇಡ್ತೀಯೇನಪ್ಪಾ?" ಅಂದರು. ಈಗ ಕೇಸ್ ಕಳಿಸುವವರು ಅವರೇ. ಅದಿರಲಿ.

ಹಾವೇರಿ ಕಡೆಯ ರೈತರು, ಐವತ್ತರ ಆಸುಪಾಸು. ಪಾದದ ಮೂಳೆ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಸಿಆರ್‌ಪಿಎಸ್ ಶುರುವಾಯಿತು, ಅಂದರೆ ಪೆಟ್ಟು ಮಾಗಿದ ಮೇಲೂ ಬಿಡದೆ ಕಾಡುವ ವಿಪರೀತ ಉರಿ-ನೋವಿನ ಕಾಯಿಲೆ. ಪಂಚೆಯ ಅಂಚು ತಾಗಿದರೂ ಕಿರುಚುತ್ತಿದ್ದರು. ಪ್ರೀಗ್ಯಾಬಲಿನ್ ಮಾತ್ರೆ, ನರಕ್ಕೆ ಕೊಡುವ ನರ್ವ್ ಬ್ಲಾಕ್ ಇಂಜೆಕ್ಷನ್, ಟೆನ್ಸ್ ಅನ್ನೋ ಸಣ್ಣ ಕರೆಂಟಿನ ಚಿಕಿತ್ಸೆ ಎಲ್ಲ ಆಯಿತು. ಎರಡು ವರ್ಷದಲ್ಲಿ ಮೂರು ಲಕ್ಷದಷ್ಟು ಹೋಯಿತು, ಹೊಲ ಮಾರಿದರು. ಕೊನೆಗೆ ಕಾಡಿಬೇಡಿ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಸಿಕೊಂಡರು. ಸಿಆರ್‌ಪಿಎಸ್ ಉಳಿದ ಮೋಟುಗಾಲಿಗೂ ಬರಬಹುದು, ಬೇಡ ಅಂದಿದ್ದೆ. ನಾನು ಬರೀ ಫಿಸಿಯೋ ಅಲ್ವಾ, ಯಾರು ಕೇಳ್ತಾರೆ?

ಮೂರನೇ ವಾರ ಬಂದರು. "ಕಾಲ್ ಹೋತ್ರಿ ಡಾಕ್ಟ್ರ, ಉರಿ ಹೋಗ್ಲಿಲ್ರಿ." ಇಲ್ಲದ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಹಿಂಡುತ್ತಿತ್ತಂತೆ.

ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರ ಕನ್ನಡಿ ಪೆಟ್ಟಿಗೆ 1990ರ ದಶಕದ್ದು. ಒಳ್ಳೆಯ ಕಾಲಿನ ಪ್ರತಿಬಿಂಬ ಹೋದ ಕಾಲಿನ ಜಾಗದಲ್ಲಿ ಕಾಣುವ ಹಾಗೆ ಕನ್ನಡಿ ಇಡೋದು, ಆ ಕಾಲು ಇನ್ನೂ ಇದ್ದು ಆಡ್ತಿದೆ ಅಂತ ಮಿದುಳಿಗೆ ಅನ್ನಿಸಬೇಕು. ದುಡ್ಡು ಉಳಿಸೋಣ ಅಂತ ಮೊದಲು ಅಕ್ರಿಲಿಕ್ ಶೀಟ್ ತಂದೆ, 400 ರೂಪಾಯಿ ಇರಬೇಕು. ಕಾಲು ಸೊಟ್ಟಗೆ ಕಂಡು ಅವರಿಗೆ ವಾಕರಿಕೆ ಬಂತು. ಆಮೇಲೆ ದಪ್ಪ ಗಾಜಿನ ಕನ್ನಡಿ, ಹಿಂದೆ ಪ್ಲೈವುಡ್, ಬಡಗಿಯ ಕೂಲಿ ಸೇರಿ 1,800ರ ಹತ್ತಿರ.

ಅದೂ ಕೈಕೊಟ್ಟಿತು. ಮೊದಲ ದಿನವೇ ಇಪ್ಪತ್ತು ನಿಮಿಷ ಮಾಡಿಸಿದ್ದೆ. ರಾತ್ರಿ ನೋವು ಡಬಲ್. ಅವರ ಮಗ ಫೋನ್ ಮಾಡಿ ಸರಿಯಾಗಿ ಬೈದ. ತಪ್ಪು ನನ್ನದೇ, ನೋವಿನ ಸಂಶೋಧಕ ಮೋಸ್ಲಿ ಹೇಳಿದ ಹಂತಹಂತದ ಕ್ರಮ ಬಿಟ್ಟು ಸೀದಾ ಕನ್ನಡಿಗೆ ಹಾರಿದ್ದೆ. ಮತ್ತೆ ಮೊದಲಿಂದ ಶುರು. ಎರಡು ವಾರ ಬರೀ ಫೋಟೋ: ಇದು ಎಡಗಾಲೋ, ಬಲಗಾಲೋ? ಇದಕ್ಕೆ ಸಿಗುವ ಫೋಟೋ ಕಾರ್ಡ್ ಕೊಳ್ಳಲಿಲ್ಲ. ಅವರ ಊರಿನವರ ಕೆಸರುಗಾಲುಗಳನ್ನೇ ನೂರರಷ್ಟು ಮೊಬೈಲಿನಲ್ಲಿ ತೆಗೆಸಿದೆ. ಇನ್ನೆರಡು ವಾರ ಮನಸ್ಸಿನಲ್ಲೇ ಕಾಲು ಆಡಿಸುವುದು. ಆಮೇಲೆ ಕನ್ನಡಿ, ಸಲಕ್ಕೆ ಐದೇ ನಿಮಿಷ, ದಿನಕ್ಕೆ ನಾಲ್ಕು ಸಲ.

ಆದರೂ ಅವರು "ಇದು ನನ್ ಕಾಲಲ್ರಿ" ಅನ್ನುತ್ತಿದ್ದರು. ವಾರವೆಲ್ಲ ತಲೆ ಕೆರೆದುಕೊಂಡೆ. ಒಳ್ಳೆಯ ಕಾಲಿಗೆ ದೃಷ್ಟಿಯ ಕಪ್ಪು ದಾರ ಇತ್ತು! ಹೋದ ಕಾಲಿಗೆ ಯಾವತ್ತೂ ಕಟ್ಟಿರಲಿಲ್ಲ. ಬಿಚ್ಚಲು ಒಪ್ಪಲಿಲ್ಲ, ಮೇಲೆ ಚರ್ಮದ ಬಣ್ಣದ ಟೇಪ್ ಸುತ್ತಿದೆ. ಅವತ್ತೇ ಮೊದಲ ಸಲ ಹೆಬ್ಬೆರಳು ಸ್ವಲ್ಪ ಬಿಚ್ಚಿತು. ಅದನ್ನು ಪೂರ್ತಿ ಬಿಡಿಸೋಕೆ ಉಸಿರಿನ ಜೊತೆ ಒಂದು ಕೆಲಸ ಮಾಡಿಸ್ತೀನಿ. ಇಲ್ಲಿ ಬರೆಯಲ್ಲ, ಬಂದರೆ ತೋರಿಸ್ತೀನಿ.

ಸುಮ್ನೆ ಕುತೂಹಲಕ್ಕೆ ಒಂದು ದಿನ ಒಳ್ಳೆಯ ಕಾಲನ್ನು ಬಿಸಿನೀರಲ್ಲಿ ಇಡಿಸಿ ಕನ್ನಡಿ ನೋಡಿಸಿದೆ. ಇಲ್ಲದ ಪಾದವೂ ಬೆಚ್ಚಗಾಯಿತು ಅಂದರು. ಮರುದಿನ ತಣ್ಣೀರು ಇಟ್ಟು ಬೈಸಿಕೊಂಡೆ.

ಹತ್ತು ವಾರಕ್ಕೆ ನೋವು, ಹತ್ತರ ಅಳತೆಯಲ್ಲಿ, ಒಂಬತ್ತರಿಂದ ಮೂರಕ್ಕೆ ಇಳಿಯಿತು. ಡಾಕ್ಟರು ಮಾತ್ರೆಯನ್ನು ಅರ್ಧ ಮಾಡಿದರು. ಬಾಕಿ ಫೀಸಿಗೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಬಂತು. ಮುಂದಿನ ಕೇಸ್, ಮುಂಗೈ ಹೋದ ಒಬ್ಬ ಹೆಂಗಸು. ಇಲ್ಲದ ಅಂಗೈ ಮೊಣಕೈಗೇ ಅಂಟಿಕೊಂಡಿದೆ ಅಂತಾರೆ, ಕನ್ನಡಿಯಲ್ಲಿ ಕಾಣುವ ಕೈಗೂ ಅದಕ್ಕೂ ತಾಳೆಯೇ ಆಗ್ತಿಲ್ಲ. ಆರು ವಾರ ಆಯಿತು, ಇನ್ನೂ ಒದ್ದಾಡ್ತಿದ್ದೀನಿ.