ಮಂಗಳೂರು–ಮುಂಬೈ ವಿಮಾನದಲ್ಲಿ ನಾನು ಕಿಟಕಿ ಸೀಟು ಆರಿಸುವ ಬಗೆ

ಮಂಗಳೂರಿನಿಂದ ಮುಂಬೈಗೆ ಹಾರುವಾಗ ಕಿಟಕಿ ಸೀಟೊಂದು ಸಿಕ್ಕರೆ ಉತ್ತರ ಕನ್ನಡದ ಕರಾವಳಿಯೆಲ್ಲ ಕಾಣುತ್ತದೆ ಎಂಬ ನಂಬಿಕೆ ಹೊನ್ನಾವರ, ಕುಮಟಾ ಕಡೆಯ ನಮ್ಮಲ್ಲಿ ಬಹಳ ಮಂದಿಗಿದೆ. ಯಾವ ಬದಿ, ಯಾವ ಸಾಲು, ಯಾವ ಹೊತ್ತು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡವರಿಗೆ ಮಾತ್ರ ಅದು ನಿಜವಾಗುತ್ತದೆ.

ಸೀಟು ಆರಿಸುವ ಮುನ್ನ ನಾನು ನಕ್ಷೆಯ ಮೇಲೆ ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆಯೊಂದನ್ನು ಎಳೆದು ನೋಡುತ್ತೇನೆ. ಈ ಗೆರೆ ಭಟ್ಕಳ, ಹೊನ್ನಾವರಗಳ ಹೆಚ್ಚುಕಡಿಮೆ ನೆತ್ತಿಯ ಮೇಲೆ ಹಾದು, ಕಾರವಾರದ ಹತ್ತಿರ ಪೇಟೆಯಿಂದ ಸುಮಾರು 15 ಕಿ.ಮೀ. ಪೂರ್ವಕ್ಕೆ ಸರಿದು, ಗೋವಾದಲ್ಲೂ ಸಮುದ್ರದ ಮೇಲೆ ಹೋಗದೆ ಒಳನಾಡಿನ ಮೇಲೆಯೇ ಸಾಗುತ್ತದೆ. ನಿಯಂತ್ರಣ ಕೇಂದ್ರದವರು ದಾರಿಯನ್ನು ಆಚೀಚೆ ಮಾಡುವುದುಂಟಾದರೂ ಅಂದಾಜಿಗೆ ಇಷ್ಟು ಸಾಕು. ವಿಮಾನದ ಹೊಟ್ಟೆಯಡಿ ಇರುವ ಊರು ಯಾವ ಕಿಟಕಿಗೂ ಕಾಣುವುದಿಲ್ಲ. 10 ಕಿ.ಮೀ. ಎತ್ತರದಲ್ಲಿರುವಾಗ, ಅಷ್ಟೇ ದೂರ ಪಕ್ಕಕ್ಕಿರುವ ನೆಲ 45 ಡಿಗ್ರಿಯ ಕೆಳನೋಟದಲ್ಲಿ ಸಿಗುತ್ತದೆ. ಅಲ್ಲಿಂದ ಇನ್ನೊಂದಿಷ್ಟು ದೂರದವರೆಗಿನ ನೆಲವೇ ನೋಡಲು ಹಿತ. ಆದ್ದರಿಂದ ಹೊನ್ನಾವರದವನಾದ ನನಗೆ ನಮ್ಮೂರಿಗಿಂತ ಕಾರವಾರವೇ ಚೆನ್ನಾಗಿ ಕಾಣುತ್ತದೆ.

ಮುಂಬೈ ಕಡೆಗೆ ಹೋಗುವಾಗ ಅದು ಎಡಬದಿಯ, ಎಂದರೆ ಎ ಸೀಟಿನ ನೋಟ. ಕಾಳಿ ನದಿ ಬೆಟ್ಟಗಳ ನಡುವಿನಿಂದ ಹೊರಬಂದು ಅಗಲವಾಗುವ ಅಳಿವೆ, ಅದರ ಮೇಲೆ ನೂಲಿನಂತೆ ಹಾದ ಸೇತುವೆ, ಕೂರ್ಮಗಡದ ಹಸಿರು ಗುಡ್ಡೆ, ದಕ್ಷಿಣಕ್ಕೆ ಅಂಜುದ್ವೀಪವನ್ನು ದಡಕ್ಕೆ ಜೋಡಿಸಿರುವ ಅಲೆತಡೆಗೋಡೆ, ಇಷ್ಟೂ ಒಂದೇ ಚೌಕಟ್ಟಿನಲ್ಲಿ ಕೂಡಿಬರುತ್ತವೆ. ಮಳೆಗಾಲ ಮುಗಿದ ಹೊಸತರಲ್ಲಿ ನದಿಯ ಕೆಂಪು ನೀರು ಕಡಲಿನ ನೀಲಿಯೊಳಗೆ ಬೀಸಣಿಗೆಯಾಗಿ ಹರಡಿರುವುದೂ ಕಾಣುತ್ತದೆ. ಬಲಬದಿಯ ಎಫ್ ಸೀಟೂ ಕಡಿಮೆಯದೇನಲ್ಲ: ಹೊನ್ನಾವರದ ನೇರಕ್ಕೆ ಬಂದಾಗ ಘಟ್ಟದ ಆಚೆ ಲಿಂಗನಮಕ್ಕಿಯ ಹಿನ್ನೀರು ಕವಲು ಕವಲಾಗಿ ಕಾಣುತ್ತದೆ. ಮುಂಬೈಯಿಂದ ಮರಳುವಾಗ ಬದಿಗಳೂ ಅದಲುಬದಲಾಗುತ್ತವೆ.

ಹೊತ್ತಿನ ಬಗ್ಗೆ ನನ್ನ ಆಯ್ಕೆ ಬೆಳಗಿನ ವಿಮಾನ. ಆಗ ಸೂರ್ಯ ಪೂರ್ವದಲ್ಲಿದ್ದು, ಕಡಲ ಬದಿಯಲ್ಲಿ ಕುಳಿತವರ ಬೆನ್ನ ಹಿಂದಿನಿಂದ ದಡದ ಮೇಲೆ ಬೆಳಕು ಬೀಳುತ್ತದೆ. ಸಂಜೆಯಾದರೆ ಅದೇ ಕಿಟಕಿಗೆ ಬಿಸಿಲು ನೇರವಾಗಿ ಹೊಡೆದು ನೀರು ಕಣ್ಣು ಕೋರೈಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಹೆಚ್ಚು, ಬೇಸಿಗೆಯಲ್ಲಿ ಮಬ್ಬು. ಮಳೆ ಗಾಳಿಯನ್ನು ತೊಳೆದುಬಿಟ್ಟ ನಂತರದ ಅಕ್ಟೋಬರ್, ನವೆಂಬರ್ ತಿಂಗಳುಗಳ ಮುಂಜಾನೆಗೆ ಸಾಟಿಯಿಲ್ಲ.

ಸಾಲಿನ ವಿಷಯಕ್ಕೆ ಬಂದರೆ, ಏರ್‌ಬಸ್ ಎ320ರಂಥ ವಿಮಾನದಲ್ಲಿ ನಡುವಿನ ಸಾಲುಗಳೆಲ್ಲ ರೆಕ್ಕೆಯ ಮೇಲೆ ಬರುತ್ತವೆ; ತುರ್ತು ಬಾಗಿಲುಗಳ ಸಾಲು ಕಾಲು ಚಾಚಲು ಒಳ್ಳೆಯದು, ನೋಟಕ್ಕೆ ಅಲ್ಲ. ರೆಕ್ಕೆಯ ಹಿಂದೆ ಕುಳಿತರೆ ಎಂಜಿನ್ನಿನ ಬಿಸಿಗಾಳಿಯಿಂದ ದೂರದ ದೃಶ್ಯ ನಡುಗಿದಂತೆ ಕಾಣುವುದರಿಂದ ನಾನು ಮುಂದಿನ ಸಾಲುಗಳನ್ನೇ ಆರಿಸುತ್ತೇನೆ, ಅದಕ್ಕೆ ಹೆಚ್ಚುವರಿ ಹಣವನ್ನೂ ಕೊಡುತ್ತೇನೆ. ಎಟಿಆರ್ ವಿಮಾನದಲ್ಲಿ ರೆಕ್ಕೆ ಮೇಲ್ಭಾಗದಲ್ಲಿರುವುದರಿಂದ ಈ ಚಿಂತೆ ಅಷ್ಟಾಗಿಲ್ಲ. ಇನ್ನೊಂದು ಮಾತು: ಕಿಟಕಿಗಳ ನಡುವಿನ ಅಂತರ ಸುಮಾರು 21 ಇಂಚು, ಸೀಟುಗಳದ್ದು 28ರಿಂದ 30 ಇಂಚು, ಹೀಗಾಗಿ ಕೆಲವು ಸಾಲುಗಳಲ್ಲಿ ಭುಜದ ಪಕ್ಕಕ್ಕೆ ಗೋಡೆಯೇ ಬರುತ್ತದೆ. ಅಂಥ ಸೀಟು ಸಿಕ್ಕಿದರೆ ತುಸು ಮುಂದಕ್ಕೆ ಬಾಗಿ ನೋಡಬೇಕಾಗುತ್ತದೆ.

ಪೋಲರೈಸ್ಡ್ ತಂಪುಕನ್ನಡಕವನ್ನು ತೆಗೆದಿಡುವುದು ಒಳ್ಳೆಯದು, ಏಕೆಂದರೆ ಕಿಟಕಿಯ ಅಕ್ರಿಲಿಕ್ ಹಾಳೆಯಲ್ಲಿ ಅದು ಕಾಮನಬಿಲ್ಲಿನ ಪಟ್ಟೆಗಳನ್ನು ತೋರಿಸುತ್ತದೆ. ಮಂಗಳೂರು ಬಿಟ್ಟ ಅರ್ಧ ಗಂಟೆಯೊಳಗೆ ಕಾರವಾರ ಬಂದುಬಿಡುವುದರಿಂದ, ತಿಂಡಿಯ ಗಾಡಿ ಬರುವ ಆ ಹೊತ್ತಿನಲ್ಲಿ ನಾನು ಮುಂದಿನ ಮೇಜನ್ನು ಬಿಚ್ಚುವುದೇ ಇಲ್ಲ.